ಮೂರನೇ ಟೇಕಿನ ಹಾಳೆ

ಮಂಗಳವಾರ, ಮಾರ್ಚ್ ೪

ಇಂದು ಬೆಳಗ್ಗೆ ಒಬ್ಬ ಮನುಷ್ಯನ ಬೆನ್ನಿನಿಂದ ಎರಡನೇ ಹಗ್ಗ ಬಿಚ್ಚಿಸಿ ಅವನನ್ನು ನಾಲ್ಕನೇ ಮಹಡಿಯಿಂದ ಹಾರಿಸಿದರು. ಅವನು ಬಿದ್ದ ಮೇಲೆ, ಹಗ್ಗವನ್ನು ಅವನೇ ಬಿಚ್ಚಿಕೊಂಡ ಎಂದು ಹೇಳಿದರು. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ಕಾರ್ಮಿಕ ಹೋರಾಟದ ಆರನೇ ಕರಪತ್ರದಲ್ಲಿ ಓದಿದ್ದೇನೆ: ಅನ್ಯಾಯವನ್ನು ಕಂಡ ದಿನವೇ ಬರೆದಿಡಬೇಕು, ಮರುದಿನಕ್ಕೆ ಅದು ಬರೀ ಅಭಿಪ್ರಾಯವಾಗಿಬಿಡುತ್ತದೆ. ಅದಕ್ಕೇ ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ನಮ್ಮದು ಗೂಢಚಾರನ ಸಿನಿಮಾ. ಇಲಾಖೆಯ ಒಬ್ಬ ಹಳೆಯ ಗೂಢಚಾರನಿಗೆ ದ್ರೋಹಿಯ ಪಟ್ಟ ಕಟ್ಟಿ ಜೈಲಿಗೆ ಹಾಕಿರುತ್ತಾರೆ. ಅವನು ದ್ರೋಹಿಯಲ್ಲ ಎಂದು ತೋರಿಸುವ ಫೈಲು ಶತ್ರುಗಳ ದಾಖಲೆಕೋಣೆಯಲ್ಲಿದೆ. ಹೀರೋ ಅದನ್ನು ಕದ್ದು, ಎದೆಗವಚಿಕೊಂಡು, ನಾಲ್ಕನೇ ಮಹಡಿಯ ಕಿಟಕಿಯಿಂದ ಹಾರುತ್ತಾನೆ. ನಿಜವಾಗಿ ಹಾರುವವನು ಹೀರೋನ ಡ್ಯೂಪ್. ಹೀರೋ ಒಂದಡಿ ಎತ್ತರದ ಪೆಟ್ಟಿಗೆಯಿಂದ ಜಿಗಿದು ಮುಖ ತೋರಿಸುತ್ತಾನೆ, ಅಷ್ಟೇ. ಎಲುಬು ಒಬ್ಬನದು, ಚಪ್ಪಾಳೆ ಇನ್ನೊಬ್ಬನಿಗೆ. ದುಡಿಯುವ ವರ್ಗದ ಇಡೀ ಚರಿತ್ರೆ ಈ ಒಂದು ಶಾಟಿನಲ್ಲಿದೆ.

ಈ ಡ್ಯೂಪನ್ನು ಎಲ್ಲರೂ ಬಾವಲಿ ಎನ್ನುತ್ತಾರೆ. ಬಿಡುವಿದ್ದಾಗ ಕಬ್ಬಿಣದ ಪೈಪಿಗೆ ಮೊಣಕಾಲು ಸಿಕ್ಕಿಸಿ, ತಲೆಕೆಳಗಾಗಿ ನೇತಾಡುತ್ತಾ ಪೇಪರ್ ಓದುವ ಮನುಷ್ಯ. ಬೆನ್ನಿಗೆ ಒಳ್ಳೆಯದಂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅವನಿಗೊಂದು ಕರಪತ್ರ ಕೊಟ್ಟಿದ್ದೆ. ಅದನ್ನೂ ಹಾಗೇ ನೇತಾಡುತ್ತಾ ಓದಿ, "ಟಿಪ್ಪಣಿ ತಂಗಿ, ಇದು ತಲೆಕೆಳಗಾಗಿ ಓದಿದ್ರೂ ಅಷ್ಟೇ, ನೆಟ್ಟಗೆ ಓದಿದ್ರೂ ಅಷ್ಟೇ" ಎಂದ. ಸದಾ ಬರೆಯುತ್ತಿರುತ್ತೇನೆಂದು ನನಗೆ ಸೆಟ್ಟಿನಲ್ಲಿ ಟಿಪ್ಪಣಿ ಎಂದೇ ಹೆಸರು. ಅವತ್ತು ಸಿಟ್ಟು ಬಂದಿತ್ತು. ನಿದ್ದೆಯಲ್ಲಿರುವ ಕಾರ್ಮಿಕ ಎಂದುಕೊಂಡಿದ್ದೆ.

ನನ್ನ ಕೆಲಸ ಕಂಟಿನ್ಯುಟಿ. ಒಂದು ಶಾಟಿನಲ್ಲಿ ಇದ್ದದ್ದು ಮುಂದಿನ ಶಾಟಿನಲ್ಲೂ ಹಾಗೇ ಇದೆಯೇ ಎಂದು ನೋಡುವುದು. ಗುಂಡಿ ಹಾಕಿತ್ತೇ, ಲೋಟ ಎಡಗೈಯಲ್ಲಿತ್ತೇ, ಗಾಯ ಯಾವ ಕೆನ್ನೆಯ ಮೇಲಿತ್ತು. ಪ್ರತಿ ಟೇಕಿಗೂ ಒಂದು ಹಾಳೆ, ಕೆಳಗೆ ಕಾರ್ಬನ್ ಇಟ್ಟು ಬರೆಯುತ್ತೇನೆ. ಮೇಲಿನ ಹಾಳೆ ಸಂಜೆ ಆಫೀಸಿಗೆ ಹೋಗುತ್ತದೆ, ನಕಲು ನನ್ನ ಪುಸ್ತಕದಲ್ಲಿ ಉಳಿಯುತ್ತದೆ.

ಇಂದಿನ ಶಾಟಿಗೆ ಬಾವಲಿಗೆ ಎರಡು ಹಗ್ಗ. ಒಂದು ಇಳಿಸುವುದಕ್ಕೆ. ಇನ್ನೊಂದು ಕೋಟಿನ ಒಳಗೆ ಬೆನ್ನಿನ ಕೊಕ್ಕೆಗೆ, ಮೊದಲನೆಯದು ಕೈಕೊಟ್ಟರೆ ಹಿಡಿಯುವುದಕ್ಕೆ. ಎರಡು ಟೇಕು ಹಾಗೇ ಆಯಿತು. ಆಮೇಲೆ ಕೋಟಿನ ಬಗ್ಗೆ ಏನೋ ಮಾತು ಬಂತು. ನಿರ್ದೇಶಕ, "ಹಿಂದಿನ ಹಗ್ಗ ಬಿಚ್ಚಿ, ಬೇಗ, ಮೋಡ ಬರ್ತಿದೆ" ಎಂದ. ಸ್ಟಂಟ್ ಮಾಸ್ಟರ್ ಒಮ್ಮೆ ಮೇಲಿನ ರಾಟೆಯ ಕಡೆ ನೋಡಿ, ಬಿಚ್ಚಿದ. ಗಂಟೆ ಹನ್ನೊಂದು ನಲವತ್ತು.

ಎರಡನೇ ಮಹಡಿಯ ಎತ್ತರಕ್ಕೆ ಇಳಿದಿದ್ದಾಗ ರಾಟೆಯ ಬಳಿ ಸದ್ದಾಯಿತು. ಅವನು ಕೆಳಗೆ ಹಾಸಿದ್ದ ಹಾಸಿಗೆಯ ಅಂಚಿಗೆ ಬಿದ್ದ. ಅರ್ಧ ಮೈ ಹಾಸಿಗೆಯ ಮೇಲೆ, ಅರ್ಧ ನೆಲದ ಮೇಲೆ. "ಕಟ್" ಎನ್ನುವುದನ್ನೂ ಎಲ್ಲರೂ ಮರೆತರು. ಕ್ಯಾಮೆರಾ ಓಡುತ್ತಲೇ ಇತ್ತು.

ನನ್ನ ಹಾಳೆಯಲ್ಲಿ ಬರೆದಿದ್ದೇನೆ: ನಿರ್ದೇಶಕರ ಅಪ್ಪಣೆಯಂತೆ ಎರಡನೇ ಹಗ್ಗ ತೆಗೆಯಲಾಗಿದೆ. ಸತ್ಯ ನನ್ನ ಚೀಲದಲ್ಲಿದೆ. ನೋಡೋಣ ಅವರ ಆಟ.

ಬುಧವಾರ, ಮಾರ್ಚ್ ೫

ಪ್ರೊಡಕ್ಷನ್ ಮ್ಯಾನೇಜರ್ ಕರೆಸಿದ. ಅವನ ಕೋಣೆಯಲ್ಲಿ ಫ್ಯಾನು ಮೆಲ್ಲಗೆ ತಿರುಗುತ್ತದೆ, ಅವನೂ ಮೆಲ್ಲಗೇ ಮಾತಾಡುತ್ತಾನೆ. ಕೂಗಾಡುವವರಿಗೆ ನಾನು ಹೆದರುವುದಿಲ್ಲ. ಇವನಿಗೆ ಹೆದರಿದೆ.

ಮೇಜಿನ ಮೇಲೆ ಮೂರನೇ ಟೇಕಿನ ಹಾಳೆ ಇತ್ತು. ಅಕ್ಷರ ನನ್ನದಲ್ಲ, ಮೇಡಂದು. ಮೇಡಂ ಅಂದರೆ ನನಗೆ ಕೆಲಸ ಕಲಿಸಿದವರು, ಮೂವತ್ತು ವರ್ಷದಿಂದ ಕಂಟಿನ್ಯುಟಿ ನೋಡುತ್ತಿರುವವರು. "ಕಲಾವಿದ ತಾನಾಗಿಯೇ ಹಿಂಬದಿಯ ಕೊಕ್ಕೆ ತೆಗೆದಿದ್ದಾನೆ" ಎಂದು ದುಂಡಗೆ ಬರೆದಿದ್ದರು.

"ಕೆಳಗೆ ನಿಂದೊಂದು ಸಹಿ ಮಗು."

"ನಾನು ಬರೆದ ಹಾಳೆ ಎಲ್ಲಿ ಸರ್?"

"ಅದ್ರ ಮೇಲೆ ಚಹಾ ಚೆಲ್ಲಿತು."

"ಪೂರ್ತಿನಾ?"

"ಪೂರ್ತಿ. ದೊಡ್ಡ ಲೋಟ."

ಫ್ಯಾನು ತಿರುಗುತ್ತಿತ್ತು. ಆಮೇಲೆ ಅವನೇ, "ನಕಲು ನಿನ್ನ ಪುಸ್ತಕದಲ್ಲಿರುತ್ತಲ್ವಾ? ತಂದ್ಕೊಡು. ಒಂದೇ ಟೇಕಿಗೆ ಎರಡು ಥರದ ಹಾಳೆ ಇರಬಾರದು. ನಿನ್ನ ಕೆಲಸವೇ ಅದು, ನಾನು ಹೇಳಿಕೊಡಬೇಕಾ?" ಎಂದ.

ಪುಸ್ತಕ ಮನೆಯಲ್ಲಿದೆ ಎಂದೆ. ಅದು ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಚೀಲದ ಬಾಯಿಯ ಮೇಲೆ ಅಂಗೈ ಒತ್ತಿಟ್ಟೆ. "ಸೋಮವಾರದೊಳಗೆ ತಾ" ಎಂದ. ಬಾಗಿಲವರೆಗೆ ಬಂದು, "ನಿಮ್ಮ ಭಾವ ಹೇಗಿದಾರೆ? ಒಳ್ಳೇ ಡ್ರೈವರು" ಎಂದ.

ಹೊರಗೆ ಮೇಡಂ ಸಿಕ್ಕರು. ಬಾಯಲ್ಲಿ ಲವಂಗ. ನನ್ನ ಮುಖ ನೋಡಲಿಲ್ಲ. "ನಾನು ಇನ್ನೆರಡು ಸಿನಿಮಾ ಮಾಡಿ ಮನೆ ಸೇರ್ಕೊಬೇಕು ಕಣೆ. ಉಗೀಬೇಕಾದ್ರೆ ಉಗಿ" ಎಂದರು. ನಾನು ಉಗಿಯಲಿಲ್ಲ. ವರ್ಗದ್ರೋಹಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಲೈಟಿನವನೊಬ್ಬ ಎಲ್ಲ ಬಿಡಿಸಿ ಹೇಳಿದ. ಹದಿನೇಳನೇ ತಾರೀಕು ವಿಮಾ ಕಚೇರಿಯವರ ವಿಚಾರಣೆಯಿದೆ. ಫಿಲ್ಮಿನಲ್ಲಿ ಎರಡನೇ ಹಗ್ಗ ಇಲ್ಲ ಅನ್ನುವುದು ಕಾಣುತ್ತದೆ, ಬಿಚ್ಚಿಸಿದ್ದು ಯಾರು ಅನ್ನುವುದು ಕಾಣುವುದಿಲ್ಲ. ಸ್ಟಂಟ್ ಮಾಸ್ಟರ್ ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ. ಬಾವಲಿಯೇ ಬಿಚ್ಚಿಕೊಂಡ ಎಂದು ತೀರ್ಮಾನವಾದರೆ ಸಾಹಸ ಕಲಾವಿದರ ಸಂಘದಿಂದ ಅವನ ಹೆಸರು ಹೋಗುತ್ತದೆ, ವಿಮೆಯ ಹಣ ಸಿಗದೆ ಆಸ್ಪತ್ರೆಯಿಂದ ಎಬ್ಬಿಸಿ ಕಳಿಸುತ್ತಾರೆ. ಸೊಂಟಕ್ಕೆ ಇನ್ನೊಂದು ಆಪರೇಷನ್ ಆಗಬೇಕು. ಅದಾಗದಿದ್ದರೆ ಅವನು ನಡೆಯುವುದಿಲ್ಲ.

ಗುರುವಾರ, ಮಾರ್ಚ್ ೬

ನಕಲನ್ನು ಪುಸ್ತಕದಿಂದ ಕಿತ್ತು ಕರಪತ್ರಗಳ ಕಟ್ಟಿನಲ್ಲಿಟ್ಟೆ. ಅಲ್ಲೇ ಮೊದಲು ಹುಡುಕುತ್ತಾರೆ ಎನಿಸಿತು. ಹಾಸಿಗೆಯ ಕೆಳಗಿಟ್ಟೆ. ಅದೂ ಸರಿಹೋಗಲಿಲ್ಲ. ಈಗ ಹಿಟ್ಟಿನ ಡಬ್ಬದಲ್ಲಿದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ನಮ್ಮ ಸಿನಿಮಾದ ಹೀರೋ ಇಂಥದ್ದನ್ನೆಲ್ಲ ಬೂಟಿನ ಹಿಮ್ಮಡಿಯಲ್ಲಿಡುತ್ತಾನೆ. ನನಗಿರುವುದು ರಬ್ಬರ್ ಚಪ್ಪಲಿ.

ಭಾವ ಬೇಗ ಬಂದರು. ಅವರು ಇದೇ ಸಿನಿಮಾ ಕಂಪನಿಯ ಜನರೇಟರ್ ವ್ಯಾನ್ ಓಡಿಸುವುದು, ನನಗೆ ಕೆಲಸ ಕೊಡಿಸಿದ್ದೂ ಅವರೇ. ಅಂಗಿ ಕೂಡ ಬಿಚ್ಚದೆ ಕೂತರು.

"ನೋಡಮ್ಮ, ನನ್ನ ಕೆಲಸ ಕರೆಂಟ್ ಕೊಡೋದು, ಶಾಕ್ ತಿನ್ನೋದಲ್ಲ. ಆ ಕಾಗದ ಏನಿದೆಯೋ ಕೊಟ್ಬಿಡು."

"ಭಾವ, ಅದು ಒಬ್ಬ ಕಾರ್ಮಿಕನ ಜೀವನದ ಪ್ರಶ್ನೆ."

"ನಾನೇನು ಜಮೀನ್ದಾರನಾ?"

ಅಕ್ಕ ಒಳಗಿನಿಂದ, "ಆ ಕರಪತ್ರ ಒಲೆಗೆ ಹಾಕಿದ್ರೆ ಒಂದು ಲೋಟ ಚಹಾನಾದ್ರೂ ಕಾಯ್ತಿತ್ತು" ಎಂದಳು. ಆಮೇಲೆ ಹಿಟ್ಟಿನ ಡಬ್ಬ ತೆಗೆಯಲು ಹೋದಳು. ನಾನೇ ಹಿಟ್ಟು ಕಲಸುತ್ತೇನೆಂದು ಎದ್ದೆ. ಅಕ್ಕನ ಮನೆಗೆ ಬಂದ ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಹಾಗೆ ಎದ್ದವಳಲ್ಲ. ಇಬ್ಬರೂ ನನ್ನನ್ನೇ ನೋಡಿದರು.

ಶುಕ್ರವಾರ, ಮಾರ್ಚ್ ೭

ಆ ಶಾಟನ್ನು ಇಂದು ಮತ್ತೆ ತೆಗೆದರು. ಬೇರೆ ಡ್ಯೂಪ್. ಎರಡು ಹಗ್ಗ.

ಕಾಸ್ಟ್ಯೂಮಿನ ಟೈಲರ್ ಕೋಟಿನ ಬೆನ್ನಿನ ಹೊಲಿಗೆ ಬಿಚ್ಚಿ, ಒಳಗೆ ಒಂದು ಪಟ್ಟಿ ಸೇರಿಸಿ, ಕೊಕ್ಕೆಗೆ ಜಾಗ ಮಾಡಿಕೊಟ್ಟ. ಬೆನ್ನು ಚಪ್ಪಟೆಯಾಗಿ ಕೂತಿತು. ಇಪ್ಪತ್ತು ನಿಮಿಷದ ಕೆಲಸ. ಹಲ್ಲಿನಿಂದ ದಾರ ಕತ್ತರಿಸಿ, "ಅವತ್ತೇ ನನ್ನ ಕೇಳಿದ್ರೆ ಅವತ್ತೇ ಮಾಡ್ಕೊಡ್ತಿದ್ದೆ. ಯಾರು ಕೇಳಿದ್ರು?" ಎಂದ. ನನ್ನನ್ನು ಕುರಿತು ಹೇಳಿದ್ದಲ್ಲ. ಸುಮ್ಮನೆ ಹೇಳಿದ್ದು.

ಮಧ್ಯಾಹ್ನ ಊಟದ ತಟ್ಟೆಯನ್ನು ಹಾಗೇ ವಾಪಸು ಕೊಟ್ಟೆ.

ಭಾನುವಾರ, ಮಾರ್ಚ್ ೯

ಎದುರಿನ ಪಂಚರ್ ಅಂಗಡಿಯ ಬಳಿ ಬೂದು ಅಂಗಿಯವನೊಬ್ಬ ನಿನ್ನೆಯಿಂದ ನಿಂತಿದ್ದಾನೆ. ನಮ್ಮ ಬಾಗಿಲನ್ನೇ ನೋಡುತ್ತಾನೆ. ನಾನು ಕಿಟಕಿಯ ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ ಅವನನ್ನು ನೋಡುತ್ತೇನೆ. ಹಿತ್ತಲ ಬಾಗಿಲಿನಿಂದ ಹೊರಟು, ಎರಡು ಬೀದಿ ಸುತ್ತಿ, ಒಂದು ಔಷಧಿ ಅಂಗಡಿಗೆ ನುಗ್ಗಿ ಹಿಂದಿನಿಂದ ಬಂದು, ಆಸ್ಪತ್ರೆಯ ಬಸ್ಸು ಹತ್ತಿದೆ. (ವಾಪಸು ಬಂದಾಗ ಅಕ್ಕ ಹೇಳಿದಳು: ಅವನ ಸ್ಕೂಟರಿನ ಟಯರು ಬೇರೆ ಊರಿನಿಂದ ಬರಬೇಕಿತ್ತಂತೆ, ಬಂತು, ಹೋದ. ನಮ್ಮ ಬಾಗಿಲಿನಿಂದ ಒಳಗಿನ ಗಡಿಯಾರ ಕಾಣುತ್ತದಲ್ಲ, ಅದನ್ನು ನೋಡುತ್ತಿದ್ದನಂತೆ. ನಗು ಬರಬೇಕಿತ್ತು, ಬರಲಿಲ್ಲ.)

ವಾರ್ಡಿನಲ್ಲಿ ಹನ್ನೆರಡು ಹಾಸಿಗೆ. ಬಾವಲಿಯದು ಕೊನೆಯದು, ಗೋಡೆಯ ಪಕ್ಕ. ಎಡಗಾಲಿಗೆ ತೂಕ ಕಟ್ಟಿ ರಾಟೆಯಿಂದ ಇಳಿಬಿಟ್ಟಿದ್ದಾರೆ. ಹಣೆಯ ಮೇಲೆ ಹೊಲಿಗೆ.

"ನೋಡು ತಂಗಿ, ಇಲ್ಲೂ ನೇತುಹಾಕವ್ರೆ. ನಾನು ಕೇಳ್ಕೊಂಡಿಲ್ಲ" ಎಂದರು.

ನಾನು ಮೂಸಂಬಿ ಸುಲಿಯುತ್ತಾ ಕೂತೆ. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ: ಒಗ್ಗಟ್ಟು, ಹೋರಾಟ. ಒಂದೂ ನೆನಪಾಗಲಿಲ್ಲ.

"ಮ್ಯಾನೇಜರ್ ಬಂದಿದ್ದ" ಎಂದರು. "ಕೊಕ್ಕೆ ನೀನೇ ಬಿಚ್ಚಿದ್ದು ಅಂದ. ಅಷ್ಟು ನಯವಾಗಿ ಹೇಳ್ದ, ಇರಬಹುದೇನೋ ಅನ್ನಿಸ್ಬಿಡ್ತು. ತಲೆಗೂ ಪೆಟ್ಟಾಗಿದೆಯಲ್ಲ. ಬಿಚ್ಚಿದ್ನಾ ನಾನು?"

"ಇಲ್ಲ. ನೀವು ಬಿಚ್ಚಿಲ್ಲ."

"ನೀನು ನೋಡಿದ್ಯಾ?"

"ನೋಡಿದೆ."

ಅವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ನಿದ್ದೆ ಬಂತು ಎಂದುಕೊಂಡೆ. ಆಗ ಕೇಳಿದರು: "ಎರಡನೇ ಟೇಕ್ ಓಕೆ ಅಂದಿದ್ರಲ್ವಾ? ನಂಗೆ ಹಾಗೇ ನೆನಪು. ಕೆಳಗಿಳಿದು ನೀರು ಕುಡಿದೆ. ಆಮೇಲೆ ಯಾಕೆ ಮತ್ತೆ ಹತ್ತಿಸಿದ್ರು?"

ಮೂಸಂಬಿಯ ರಸ ಹಾಳೆಯ ಅಂಚು ಕೊಯ್ದಿದ್ದ ಬೆರಳಿಗೆ ತಾಗಿ ಉರಿಯಿತು.

"ಗೊತ್ತಿಲ್ಲ ಅಣ್ಣ" ಎಂದೆ.

ಸೋಮವಾರ, ಮಾರ್ಚ್ ೧೦

ನಕಲು ಕೊಡುವುದಿಲ್ಲ ಎಂದೆ. ನಿಂತುಕೊಂಡೇ ಹೇಳಿದೆ, ಕೂತರೆ ಏಳಲಾಗುವುದಿಲ್ಲ ಎಂಬ ಭಯಕ್ಕೆ.

ಮ್ಯಾನೇಜರ್ ಸಿಟ್ಟಾಗಲಿಲ್ಲ. ಡ್ರಾಯರಿನಿಂದ ಒಂದು ಹಾಳೆ ತೆಗೆದ. ನನ್ನ ಅಕ್ಷರ. ಅಂಚಿನಲ್ಲಿ ಚಹಾದ ಒಂದು ಹನಿ ಕೂಡ ಇರಲಿಲ್ಲ.

"ಒಣಗಿತು" ಎಂದ. "ಕೂತ್ಕೊ. ಎರಡನೇ ಸಾಲು ಎಲ್ಲರಿಗೂ ಗೊತ್ತು. ಮೊದಲನೇ ಸಾಲು ಓದು."

ಓದಲಿಲ್ಲ. ಅವನೇ ಓದಿದ: "ಎರಡನೇ ಟೇಕಿನಲ್ಲಿ ಕೋಟಿನ ಬೆನ್ನು ಉಬ್ಬಿದೆ, ಹಿಂದಿನ ಶಾಟಿಗೆ ಹೊಂದುವುದಿಲ್ಲ. ಕಂಟಿನ್ಯುಟಿ ಸಹಾಯಕಿಯ ಸೂಚನೆ." ನಿಧಾನವಾಗಿ ಓದಿ ಹಾಳೆಯನ್ನು ಮಡಚಿದ. "ನಿರ್ದೇಶಕರು ತೆಗಿ ಅಂದ್ರು, ನಿಜ. ತೆಗಿ ಅನ್ನೋ ಹಾಗೆ ಮಾಡಿದ್ದು ಯಾರು? ವಿಚಾರಣೆಯಲ್ಲಿ ಮೇಲಿಂದ ಕೆಳಕ್ಕೆ ಓದ್ತಾರೆ ಮಗು. ಮೊದಲು ಸಿಗೋಳು ನೀನು. ನಿನ್ನ ಉಳಿಸೋಕೆ ಅಂತಾನೇ ನಾನು ಇದನ್ನ ಮುಚ್ಚಿಟ್ಟಿರೋದು."

ಅದು ನನ್ನ ಕೆಲಸ. ಹೇಳದಿದ್ದರೆ ಬೈಯುತ್ತಿದ್ದರು. ಹಿಂದಿನ ದಿನ ಹೀರೋನ ಬೆನ್ನು ಚಪ್ಪಟೆ ಇತ್ತು, ಡ್ಯೂಪಿನ ಬೆನ್ನು ಉಬ್ಬಿತ್ತು, ಯಾರಿಗೂ ಕಾಣಲಿಲ್ಲ, ನನಗೆ ಕಂಡಿತು. ನಾನು ಹಗ್ಗದ ಮಾತೇ ಆಡಲಿಲ್ಲ. ಕೋಟು ಎಂದೆ. ಕೋಟು ಎಂದಷ್ಟೇ ಹೇಳಿದೆ. ಅದು ನನ್ನ ಕೆಲಸ.

ಮಂಗಳವಾರ, ಮಾರ್ಚ್ ೧೧

ಕೋಟು ಎಂದಷ್ಟೇ ಹೇಳಿದೆ.

ಬುಧವಾರ, ಮಾರ್ಚ್ ೧೨

ಭಾವನನ್ನು ಇಂದು ವ್ಯಾನಿನಿಂದ ಇಳಿಸಿ ಗೋಡೌನಿಗೆ ಹಾಕಿದರು. ಕೇಬಲ್ ಸುತ್ತುವ ಕೆಲಸ. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಯ ಮಸಿ ತೊಳೆದುಕೊಂಡು, ವ್ಯಾನಿನ ಕೀಲಿಕೈ ಹಾಕುವ ಮೊಳೆಯನ್ನೇ ನೋಡುತ್ತಾ ಕೂತರು.

ಸೆಟ್ಟಿನಲ್ಲಿ ನನ್ನ ಪಕ್ಕ ಊಟಕ್ಕೆ ಯಾರೂ ಕೂರುವುದಿಲ್ಲ. ಇಂದು ಹೀರೋಗೆ ಒಂದೇ ಮಾತಿತ್ತು: "ಈ ಫೈಲಿನಲ್ಲಿರೋದು ಒಬ್ಬ ಮನುಷ್ಯನ ಹೆಸರು, ಅದನ್ನ ನಾನು ಹೊರಗೆ ತರ್ತೀನಿ." ಹನ್ನೊಂದು ಟೇಕು ತಗೊಂಡ. ಪ್ರತಿ ಸಲ "ಈ ಫೈಲಿ" ಅಂತ ಶುರು ಮಾಡಿ ಮರೆಯುತ್ತಿದ್ದ. ಹನ್ನೊಂದು ಸಲವೂ ನಾನು ಬರೆದುಕೊಂಡೆ.

ಊಟದ ಬಿಡುವಿನಲ್ಲಿ ಖಾಲಿ ಮೇಕಪ್ ಕೋಣೆಯ ಚಿಲಕ ಹಾಕಿಕೊಂಡು ಕೆಲಸ ಮುಗಿಸಿದೆ. ಮೂರನೇ ಟೇಕಿಗೆ ಹೊಸ ಹಾಳೆ, ಕೆಳಗೆ ಹಳೆಯ ಕಾರ್ಬನ್, ಅದೇ ಪೆನ್ನು. ಮೊದಲನೇ ಸಾಲಿಲ್ಲ. ನಿರ್ದೇಶಕರ ಅಪ್ಪಣೆಯಂತೆ ಎಂಬಲ್ಲಿಂದಲೇ ಶುರು. ನಕಲು ಚೆನ್ನಾಗಿ ಬಂದಿದೆ. ನಾನೇ ನೋಡಿದರೂ ವ್ಯತ್ಯಾಸ ತಿಳಿಯುವುದಿಲ್ಲ.

ಹದಿಮೂರನೇ ಕರಪತ್ರದಲ್ಲಿ ಸ್ಪಷ್ಟವಾಗಿದೆ: ಶತ್ರುವಿನ ಕೈಗೆ ಅಸ್ತ್ರವಾಗುವ ವಿವರವನ್ನು ಬಿಡುವುದು ಸುಳ್ಳಲ್ಲ, ಶಿಸ್ತು. ನಾನು ಸುಳ್ಳೇನೂ ಬರೆದಿಲ್ಲ. ಒಂದು ವಿವರ ಬಿಟ್ಟಿದ್ದೇನೆ. ಬಾವಲಿಯಣ್ಣನಿಗೆ ಇದರಿಂದ ಒಳ್ಳೆಯದೇ ಆಗುತ್ತದೆ. ಹಳೆಯ ಹಾಳೆಯನ್ನು ಸುಟ್ಟುಬಿಡಬೇಕೆಂದು ಬೆಂಕಿಪೊಟ್ಟಣ ತಂದೆ. ಮೂರು ಕಡ್ಡಿ ಗೀರಿದೆ. ಮೂರೂ ಕೈಯಲ್ಲೇ ಆರಿದವು. ಗಾಳಿ ಇರಲಿಲ್ಲ. ನಾಳೆ ಸುಡುತ್ತೇನೆ.

ಶುಕ್ರವಾರ, ಮಾರ್ಚ್ ೧೪

ಬಾವಲಿಯಣ್ಣನ ಹೆಂಡತಿ ಸಿಟಿ ಬಸ್ಸಿನ ಕಂಡಕ್ಟರು. ವಿಚಾರಣೆಗೆ ಹೋಗಬೇಕಾದವರು ಅವರೇ, ಆದ್ದರಿಂದ ಹೊಸ ಹಾಳೆಯನ್ನು ಅವರಿಗೇ ಕೊಟ್ಟುಬಿಟ್ಟು ಕೈತೊಳೆದುಕೊಳ್ಳೋಣ ಎಂದು ಅವರ ಬಸ್ಸು ಹತ್ತಿದೆ. ಚಿಕ್ಕ ಮೈಕಟ್ಟು, ದೊಡ್ಡ ಗಂಟಲು.

"ಅತ್ತಿಗೆ, ನಾನು ಶೂಟಿಂಗಿನಲ್ಲಿ..."

"ಟಿಪ್ಪಣಿನಾ? ಹೇಳಿದ್ರು. ಮೂಸಂಬಿ ತಂದಿದ್ಯಂತೆ. ಮುಂದೆ ಹೋಗ್ರಿ, ಬಾಗಿಲಲ್ಲಿ ಏನು ಜೋಕಾಲಿ ಕಟ್ಟಿದಾರಾ? ಆ ಸೀಟಲ್ಲಿ ಕೂತ್ಕೊ ನೀನು."

ಟಿಕೆಟ್ ಹರಿದು ಹರಿದು ಎಲ್ಲರಿಗೂ ಕೊಟ್ಟು ಬಂದು, ನನ್ನ ಪಕ್ಕ ಕೂತು, ಹಾಳೆ ಓದಿದರು. ಮುಖದಲ್ಲಿ ಒಂದು ಬೆಳಕು ಬಂತು. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು.

ಮುಂದಿನ ಸ್ಟಾಪು ಬಂತು, ಎದ್ದು ಹೋದರು, ಬಂದರು, ಮತ್ತೆ ಓದಿದರು. ಬೆಳಕು ಹೋಗಿತ್ತು.

"ಯಾಕೆ ತೆಗಿ ಅಂದ?"

"ಏನತ್ತಿಗೆ?"

"ಎರಡು ಸಲ ಎರಡು ಹಗ್ಗದಲ್ಲಿ ಹಾರಿದಾರೆ. ಮೂರನೇ ಸಲ ಇದ್ದಕ್ಕಿದ್ದಂಗೆ ಒಂದು ತೆಗಿ ಅಂತಾನೆ. ಅವನಿಗೇನು ಹುಚ್ಚಾ? ಹನ್ನೆರಡು ವರ್ಷ ಆಯ್ತು ನಾನು ಕಂಡಕ್ಟರಾಗಿ, ಚೆಕಿಂಗ್‌ನೋರ ಮುಂದೆ ನಿಂತು ನಿಂತು ಗೊತ್ತು. ಏನಾಯ್ತು ಅಂದ್ರೆ ಸಾಲದು, ಯಾಕಾಯ್ತು ಅಂತ ಕೇಳ್ತಾರೆ. ಯಾಕೆ ಅನ್ನೋದು ಇಲ್ಲದ ಕಾಗದಾನ ಆ ಕಂಪನಿಯೋರು ಒಂದೇ ಉಸಿರಲ್ಲಿ ಊದಿಬಿಡ್ತಾರೆ. ಯಾರೋ ಹುಡುಗಿ ಬಾವಲಿ ಮೇಲಿನ ಮಮಕಾರಕ್ಕೆ ಗೀಚಿದ್ದು ಅಂತಾರೆ." ನನ್ನ ಕಡೆ ತಿರುಗಿದರು. "ನೀನು ಅಲ್ಲೇ ಇದ್ಯಲ್ಲ. ಯಾಕೆ ಅಂತ ಗೊತ್ತಿಲ್ವಾ?"

ಇಳಿಯುವ ಸ್ಟಾಪು ಇದೇ ಎಂದು ಸುಳ್ಳು ಹೇಳಿ ಇಳಿದುಬಿಟ್ಟೆ. ಹಾಳೆಯನ್ನು ಅವರ ಕೈಯಿಂದ ಕಿತ್ತುಕೊಂಡೇ ಇಳಿದೆ. "ಏ ಹುಡುಗಿ" ಎಂದದ್ದು ಕೇಳಿಸಿತು. ಆಮೇಲೆ ಅವರು ಸೀಟಿ ಊದಿದರು, ಬಸ್ಸು ಹೋಯಿತು.

ಮನೆಯವರೆಗೆ ನಡೆದೇ ಬಂದೆ. ಒಂಬತ್ತು ಸ್ಟಾಪು.

ಶನಿವಾರ, ಮಾರ್ಚ್ ೧೫

ಬಾವಲಿಯಣ್ಣನ ಹೆಂಡತಿಯ ಬಸ್ಸು ಮತ್ತೆ ಹತ್ತಿದೆ. ಅದು ಕೊನೆಯ ಸ್ಟಾಪಿನಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಡ್ರೈವರ್ ಚಹಾಕ್ಕೆ ಹೋಗುತ್ತಾನೆ. ಬಸ್ಸಿನಲ್ಲಿ ನಾವಿಬ್ಬರೇ ಉಳಿದೆವು. ಅವರು ಹಿಂದಿನ ಸೀಟಿನಲ್ಲಿ ಕಾಲು ನೀಡಿ ಪಾದ ಒತ್ತಿಕೊಳ್ಳುತ್ತಿದ್ದರು.

ಹಳೆಯ ಹಾಳೆ ಕೊಟ್ಟೆ. ಸುತ್ತಿದ್ದ ಪ್ಲಾಸ್ಟಿಕ್ಕನ್ನೂ ದಾಟಿ ಹಿಟ್ಟು ಮೆತ್ತಿತ್ತು. ಅವರು ಉಜ್ಜಿ ಓದಿದರು. ಎರಡು ಸಾಲು ಓದಲು ಅಷ್ಟು ಹೊತ್ತು ಬೇಡ.

"ಸಹಾಯಕಿ ಅಂದ್ರೆ?"

"ನಾನು."

ಹೇಳಿದೆ. ಎರಡನೇ ಟೇಕು ಓಕೆ ಆಗಿತ್ತು. ಹುಡುಗರು ಹಗ್ಗ ಸುತ್ತಲು ಶುರು ಮಾಡಿದ್ದರು. ಬಾವಲಿಯಣ್ಣ ನೀರು ಕುಡಿಯುತ್ತಿದ್ದರು. ನಾನು ಕೈ ಎತ್ತಿದೆ. ಎರಡು ತಿಂಗಳಿನಿಂದ ನನ್ನ ಹೆಸರು ಕೂಡ ಕೇಳದ ನಿರ್ದೇಶಕ ತಿರುಗಿ ನೋಡಿದ. ಕೋಟಿನ ಬೆನ್ನು ಉಬ್ಬಿದೆ ಎಂದೆ. ಅವನು ಮಾನಿಟರಿನಲ್ಲಿ ನೋಡಿ, "ಈ ಹುಡುಗಿ ಕಣ್ಣು ಚೂಪು" ಎಂದ. ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಖುಷಿಯಾಯಿತು. ಕೊಕ್ಕೆ ಬಿಚ್ಚುವಾಗಲೂ ಆ ಖುಷಿ ಹೋಗಿರಲಿಲ್ಲ. ಬಿಚ್ಚಿದ ಮೇಲೆ ಕೋಟು ಸರಿಯಾಗಿ ಕೂತಿದೆಯೇ ಎಂದು ನಾನೇ ಅವರ ಬೆನ್ನಿನ ಮೇಲೆ ಕೈ ಸವರಿ, ಕೆಳಗೆ ಎಳೆದು ನೇರ ಮಾಡಿದೆ. "ಮದುವೆ ಗಂಡಿನ ಥರ ಮಾಡ್ಬಿಟ್ಯಲ್ಲ ತಂಗಿ" ಎಂದರು. ಆಮೇಲೆ ಏಣಿ ಹತ್ತಿದರು.

ಇದನ್ನು ಇಲ್ಲಿಯವರೆಗೆ ಈ ದಿನಚರಿಯಲ್ಲೂ ಬರೆದಿರಲಿಲ್ಲ.

ಅತ್ತಿಗೆ ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ತಲೆ ತಗ್ಗಿಸಿಕೊಂಡು ನಿಲ್ಲುತ್ತಿದ್ದೆ. ಅವರು ಪಾದವನ್ನು ಚಪ್ಪಲಿಯೊಳಗೆ ಸೇರಿಸಿದರು, ಮೊದಲು ಒಂದು, ಆಮೇಲೆ ಇನ್ನೊಂದು. ಎದುರಿನ ಕಿಟಕಿಯ ಗಾಜಿಗೆ ಯಾರೋ ಒರಗಿದ ಎಣ್ಣೆಯ ಗುರುತು ಇತ್ತು. ಅದನ್ನೇ ನೋಡುತ್ತಿದ್ದರು.

"ಇನ್ಮೇಲೆ ನನ್ನ ಅತ್ತಿಗೆ ಅನ್ಬೇಡ" ಎಂದರು.

"ಆಗಲಿ."

"ಅವರಿಗೆ ಹೇಳಿದ್ಯಾ?"

"ಇಲ್ಲ. ಅವರು ಕೇಳಿದ್ರು. ಗೊತ್ತಿಲ್ಲ ಅಂದೆ."

"ಹೂಂ." ಹಾಳೆಯನ್ನು ಇನ್ನೊಮ್ಮೆ ನೋಡಿ ನನ್ನ ಕೈಗೇ ವಾಪಸು ಕೊಟ್ಟರು. "ಇದು ನನ್ನ ಹತ್ರ ಇದ್ರೆ ಪ್ರಯೋಜನ ಇಲ್ಲ. ಬರೆದೋಳೇ ಬಂದು, ಬರೆದಿದ್ದು ನಾನು, ಹೇಳಿದ್ದೂ ನಾನು ಅನ್ನಬೇಕು. ಆಗ ಯಾಕೆ ಅನ್ನೋದು ಸಿಗುತ್ತೆ. ಯಾಕೆ ಸಿಕ್ರೆ, ಬಿಚ್ಚು ಅಂದೋನೂ ಸಿಗ್ತಾನೆ."

"ನನ್ನನ್ನ ಏನು ಮಾಡ್ತಾರೆ?"

"ನಂಗೇನು ಗೊತ್ತು? ನಾನು ಬಸ್ಸಿನೋಳು." ಚೀಲದ ಚಿಲ್ಲರೆ ಎಣಿಸುತ್ತಾ, "ಹೆದ್ರಿಕೆನಾ?" ಎಂದರು.

"ಹೌದು."

"ನಂಗೂನೂ. ಹನ್ನೊಂದು ದಿನ ಆಯ್ತು, ದಿನಾ ಆ ವಾರ್ಡಿನ ಬಾಗಿಲು ತೆಗೆಯೋಕೆ ಮುಂಚೆ."

ಡ್ರೈವರ್ ಬಂದು ಹಾರ್ನ್ ಒತ್ತಿದ. ಜನ ಹತ್ತಿದರು. ಅವರು ಎದ್ದು ಚೀಲ ಹೆಗಲಿಗೇರಿಸಿ, "ವಿಚಾರಣೆ ಹತ್ತೂವರೆಗೆ. ನೀನು ಹತ್ತಕ್ಕೆ ಇರು. ನಾನು ಬಂದಿರ್ತೀನಿ, ಆದ್ರೆ ನಿನ್ನ ಪಕ್ಕ ಕೂರಲ್ಲ" ಎಂದರು. ನಾನು ಇಳಿಯಲು ಹೋದಾಗ, "ಟಿಕೆಟ್ ತಗೊಂಡಿದ್ಯಾ?" ಎಂದರು. ತಗೊಂಡಿರಲಿಲ್ಲ. ಒಂದು ಹರಿದು ಕೊಟ್ಟರು. ಎಲ್ಲರಿಗೂ ಕೊಡುವ ಹಾಗೆಯೇ ಕೊಟ್ಟರು.

ಸಂಜೆ ಬಾವಲಿಯಣ್ಣನ ವಾರ್ಡಿಗೆ ಹೋಗಿ ಹೇಳಿ ಬಂದೆ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅವರಿಗೆ ತಿರುಗಿಸಲು ಆಗುತ್ತಿದ್ದದ್ದು ಮುಖ ಒಂದೇ. ನಾನು ಭೇಟಿಯ ಸಮಯ ಮುಗಿಯುವವರೆಗೂ ಸ್ಟೂಲಿನ ಮೇಲೆ ಕೂತಿದ್ದೆ. ನರ್ಸ್ ಬಂದು ಎಬ್ಬಿಸಿದರು.

ಮನೆಯಲ್ಲಿ ಭಾವನಿಗೂ ಅಕ್ಕನಿಗೂ ಹೇಳಿದೆ. ಭಾವ ಕೇಬಲ್ ಸುತ್ತಿ ಸುತ್ತಿ ಊದಿದ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡಿದ್ದರು. "ಇನ್ನು ಗೋಡೌನಿನಿಂದಲೂ ಓಡಿಸ್ತಾರೆ" ಎಂದರು. ಅಕ್ಕ ನನ್ನ ನೀಲಿ ಅಂಗಿಯನ್ನು ಒಗೆಯಲು ತೆಗೆದುಕೊಂಡು ಹೋದಳು. ಸೋಮವಾರಕ್ಕೆ ಒಣಗಬೇಕಲ್ಲ ಎಂದಳು.

ಓಡಿಹೋಗಬೇಕು ಅನಿಸುತ್ತದೆ, ಎಲ್ಲಿಗೆ ಅಂತ ತಿಳಿಯುವುದಿಲ್ಲ. ಮ್ಯಾನೇಜರ್ ಅಲ್ಲಿರುತ್ತಾನೆ. ನಿರ್ದೇಶಕ ಇರುತ್ತಾನೆ. ಮೇಡಂ ಇರಬಹುದು. ಮೊದಲನೇ ಸಾಲನ್ನು ನಾನೇ ಗಟ್ಟಿಯಾಗಿ ಓದಬೇಕು. ಕನ್ನಡಿಯ ಮುಂದೆ ಓದಿ ನೋಡಿದೆ, "ಸಹಾಯಕಿಯ" ಎಂಬಲ್ಲಿ ಧ್ವನಿ ನಿಂತುಹೋಗುತ್ತದೆ. ನಾಳೆ ಇನ್ನೊಂದಷ್ಟು ಸಲ ಓದುತ್ತೇನೆ.

ಮರೆಯದಂತೆ ಬರೆದಿಡುತ್ತೇನೆ: ಸೋಮವಾರ, ಮಾರ್ಚ್ ೧೭, ಬೆಳಗ್ಗೆ ಹತ್ತು ಗಂಟೆ, ವಿಮಾ ಕಚೇರಿಯ ಮೆಟ್ಟಿಲು.